ಬಟ್ಟಲು ಸಂಪಿಗೆಯ ಮುಡಿಪು

ನಮ್ಮಪ್ಪ ಸದಾಶಿವಯ್ಯನವರಷ್ಟು ಹೆದರುವ ಗಂಡಸು ಮೈಸೂರಿನಲ್ಲಿ ಇನ್ನೊಬ್ಬರು ಇದ್ದಿರಲಾರರು. ಗಂಧದ ಕೋಠಿಯಲ್ಲಿ ಅವರಿಗೆ ತೂಕದ ಕೆಲಸ. ಒಮ್ಮೆ ತೂಗಿದ ಕೊರಡನ್ನು ಇನ್ನೊಮ್ಮೆ ತೂಗದೆ ಕೆಳಗಿಡುತ್ತಿರಲಿಲ್ಲ. ಮನೆಗೆ ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋದವರು, ಬೀಗ ಎಳೆದು ನೋಡಲು ವಾಪಸು ಬರುತ್ತಿದ್ದರು. ನಾನು ತೊಟ್ಟಿಲಲ್ಲಿ ಮಲಗಿದ್ದಾಗ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದ್ದೇನೆಯೇ ಎಂದು ನೋಡಿ ನೋಡಿ ಎಬ್ಬಿಸಿಬಿಡುತ್ತಿದ್ದರಂತೆ. "ಮಲಗಿರೋ ಕೂಸನ್ನ ಎಬ್ಬಿಸ್ಬುಟ್ಟು, ಬದುಕೈತಾ ಅಂತ ಕೇಳೋರು ಇವರೊಬ್ಬರೇ ಕಣಮ್ಮ" ಎಂದು ಅಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ಬದುಕಿದ್ದಾಗಲೇ ಅಪ್ಪನ ಎದುರಿಗೆ ಇದನ್ನೆಲ್ಲ ಹೇಳಿ ಜಗಳವಾಡಿದವಳು ನಾನು, ಈಗೇನು ಮುಚ್ಚುಮರೆ.

ಆಗ ನಾವಿದ್ದದ್ದು ಲಕ್ಷ್ಮೀಪುರಂನ ಒಂದು ಬಾಡಿಗೆ ಮನೆಯಲ್ಲಿ. ಹಿತ್ತಲಲ್ಲಿ ಒಂದು ಮರ. ಅದರ ಹೆಸರು ಮ್ಯಾಗ್ನೋಲಿಯಾ. ಆ ಹೆಸರು ಅಮ್ಮನ ಬಾಯಿಗೆ ಒಗ್ಗಲಿಲ್ಲ. ಬಟ್ಟಲಿನಷ್ಟು ದೊಡ್ಡ ಬಿಳಿ ಹೂವು ಬಿಡುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅದು ಬಟ್ಟಲು ಸಂಪಿಗೆಯಾಯಿತು. ಎಲೆ ಮೇಲೆ ಎಣ್ಣೆ ಸವರಿದಂತೆ ಹೊಳೆಯುವುದು, ಕೆಳಗೆ ಕಂದು ಬಣ್ಣ. ಬೇಸಿಗೆಯಲ್ಲಿ ಒಂದು ಹೂವು ಅರಳಿದರೆ ಅಡುಗೆಮನೆಯ ಒಗ್ಗರಣೆ ವಾಸನೆಯೂ ಅಡಗಿಹೋಗುತ್ತಿತ್ತು.

ಅದು ಕಸಿ ಮರ. ಕಟ್ಟಿದವರು ನನ್ನ ತಾತ, ಅಮ್ಮನ ತಂದೆ ಕರಿಬಸವಯ್ಯ. ಅವರು ಮೈಸೂರಿನ ದೊಡ್ಡ ತೋಟಗಳಲ್ಲಿ ಮಾಲಿಯಾಗಿದ್ದವರು. ಅಮ್ಮನ ಮದುವೆಯಲ್ಲಿ ಬೀಗರೆಲ್ಲ ಬೆಳ್ಳಿ ಲೋಟ ಕೊಡುತ್ತಿದ್ದರೆ, ತಾತ ಒಂದು ಮಣ್ಣಿನ ಕುಂಡವನ್ನು ಎದೆಗವಚಿಕೊಂಡು ಬಂದು ಮಗಳ ಮುಂದೆ ಇಟ್ಟರಂತೆ. ಬೇರು ನಮ್ಮ ನಾಡ ಸಂಪಿಗೆಯದು, ತಲೆ ಮ್ಯಾಗ್ನೋಲಿಯಾದ್ದು. "ಬೇರೆ ಮನೆ ಬೇರಿನ ಮೇಲೆ ಬದುಕೋದು ಇದಕ್ಕೂ ಗೊತ್ತು ಕಣವ್ವ, ನೀನೂ ಕಲಿ" ಅಂದರಂತೆ. ಅಪ್ಪ ಅದನ್ನು ಬಾಡಿಗೆ ಮನೆಯ ಹಿತ್ತಲಲ್ಲಿ ನೆಟ್ಟರು. ಬಾಡಿಗೆ ಮನೆಯಲ್ಲಿ ಮರ ನೆಡುವವರು ಯಾರಾದರೂ ಇದ್ದಾರೆಯೇ? ನಮ್ಮಪ್ಪ ಇದ್ದರು. ಮನೆ ಬದಲಾಯಿಸುವುದಕ್ಕೂ ಅವರಿಗೆ ಹೆದರಿಕೆ ತಾನೇ, ಸಾಯುವವರೆಗೆ ಅಲ್ಲೇ ಇರುತ್ತೇವೆ ಎಂದುಕೊಂಡಿದ್ದರು.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ ತಾತ ತೆರಕಣಾಂಬಿ ಕಡೆಯ ತಮ್ಮ ಹಳ್ಳಿಯಲ್ಲಿ ಹಾಸಿಗೆ ಹಿಡಿದರು. ಸುದ್ದಿ ಬಂತು. ನಾನು ಅಮ್ಮನ ಹೊಟ್ಟೆಯಲ್ಲಿದ್ದೆ. ಅಮ್ಮ ಸೀರೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತು, "ಹೋಗಿ ಬರ್ತೀನಿ" ಅಂದಳು. ಅಪ್ಪ ಬಿಡಲಿಲ್ಲ. ಹೊಳೆ ತುಂಬಿದೆ, ಬಸ್ಸು ಕೆಟ್ಟು ನಿಲ್ಲುತ್ತದೆ, ಗಾಡಿಯ ಕುಲುಕಾಟಕ್ಕೆ ಹೆಚ್ಚುಕಡಿಮೆಯಾದರೆ ಯಾರು ಹೊಣೆ, ಮಳೆ ನಿಲ್ಲಲಿ ಎಂದರು. ಮಳೆ ನಿಲ್ಲುವ ಮೊದಲೇ ತಾತ ಲಿಂಗೈಕ್ಯರಾದರು. ಮಗಳಿಗೆ ಅವರ ಬಾಯಿಗೆ ನೀರು ಬಿಡಲಾಗಲಿಲ್ಲ. ಅಮ್ಮ ಅದಕ್ಕಾಗಿ ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅಪ್ಪ ಬದುಕಿಕೊಳ್ಳುತ್ತಿದ್ದರು. ಅವಳು ಸುಮ್ಮನಿದ್ದದ್ದೇ ಅವರ ಕರುಳಿಗೆ ಮುಳ್ಳಾಯಿತು. ಅಂದಿನಿಂದ ಆ ಮರಕ್ಕೆ ದಿನಾ ನೀರು ಹಾಕುವವರು ಅಪ್ಪನೇ ಆದರು.

ನನಗೆ ಹನ್ನೊಂದು ವರ್ಷವಾದಾಗ ಮನೆ ಮಾರಾಟವಾಯಿತು. ಕೊಂಡವರು ರುದ್ರಸ್ವಾಮಿ ಎನ್ನುವವರು. ಕೆಟ್ಟವರೇನಲ್ಲ. ಬಂದು ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಸಂಕೋಚದಿಂದಲೇ ಹೇಳಿದರು: "ಸದಾಶಿವಯ್ಯನೋರೇ, ನಂದೊಂದು ಲಾರಿ ಐತೆ. ಅದಕ್ಕೆ ಶೆಡ್ಡು ಆಗಬೇಕಾದ್ದು ಆ ಹಿತ್ತಲ ಜಾಗದಲ್ಲೇ. ಮರ ತೆಗೆಸದೆ ವಿಧಿಯಿಲ್ಲ. ಕಾರ್ತೀಕ ಮುಗಿಯೋವರ್ಗೂ ನೀವು ಆರಾಮಾಗಿ ಇರಿ, ನಾನೇನೂ ಆತುರ ಮಾಡಲ್ಲ."

ಆರಾಮ! ಅಪ್ಪನಿಗೆ ಆ ಪದದ ಪರಿಚಯವೇ ಇರಲಿಲ್ಲ. ರುದ್ರಸ್ವಾಮಿಯವರು ಹೋದ ಮೇಲೆ ಅಮ್ಮ ಹಿತ್ತಲಿಗೆ ಹೋಗಿ ಮರದ ಕಾಂಡಕ್ಕೆ ಬೆನ್ನು ಕೊಟ್ಟು ನಿಂತಳು. "ನಮ್ಮಪ್ಪ ಕೈಯಾರೆ ಕಟ್ಟಿದ್ದು ಅಂತ ಉಳಿದಿದ್ದು ಇದೊಂದೇ" ಅಂದಳು, ಯಾರಿಗೂ ಅಲ್ಲ ಎನ್ನುವ ಹಾಗೆ. ಅಪ್ಪನ ಮುಖ ಕಪ್ಪಿಟ್ಟಿತು. "ಮರ ನಮ್ಮ ಜೊತೆ ಬರುತ್ತೆ ಕಣೇ. ನಾನು ತರ್ತೀನಿ" ಎಂದರು. ಮಾತು ಕೊಟ್ಟುಬಿಟ್ಟರು, ಪಾಪ.

ಅಷ್ಟು ದೊಡ್ಡ ಮರವನ್ನು ಕಿತ್ತು ತರುವುದು ಆಗದ ಮಾತು. ಉಳಿದದ್ದು ಒಂದೇ ದಾರಿ, ಅದರಿಂದ ಇನ್ನೊಂದು ಕಸಿ ಕಟ್ಟುವುದು. ತಾತನ ಕೈಕೆಳಗೆ ಕೆಲಸ ಮಾಡಿದ್ದ ಕೆಂಪಯ್ಯ ಎಂಬ ಮಾಲಿಯನ್ನು ಅಪ್ಪ ಹುಡುಕಿ ಕರೆತಂದರು. ಆತ ಬಿದಿರಿನ ಅಟ್ಟಣೆ ಕಟ್ಟಿ, ಅದರ ಮೇಲೆ ಸಂಪಿಗೆ ಸಸಿಗಳಿದ್ದ ನಾಲ್ಕು ಕುಂಡಗಳನ್ನು ಕೊಂಬೆಯ ಎತ್ತರಕ್ಕೆ ಏರಿಸಿದ. ಸಸಿಯ ಕಾಂಡವನ್ನೂ ಮರದ ಎಳೆ ರೆಂಬೆಯನ್ನೂ ಒಂದೊಂದು ಕಡೆ ಹೆರೆದು, ಗಾಯಕ್ಕೆ ಗಾಯ ಸೇರಿಸಿ, ಬಾಳೆನಾರಿನಲ್ಲಿ ಬಿಗಿದು, ಮೇಲೆ ಸಗಣಿ ಮಣ್ಣು ಮೆತ್ತಿದ. ಎರಡೂ ಕೂಡಿಕೊಂಡ ಮೇಲೆ ಸಂಪಿಗೆಯ ತಲೆಯನ್ನು ಮೇಲೆ ಕತ್ತರಿಸಬೇಕು, ರೆಂಬೆಯನ್ನು ಕೆಳಗೆ ಕತ್ತರಿಸಬೇಕು. ಆಗ ಕುಂಡದಲ್ಲಿ ಉಳಿಯುವುದು ಸಂಪಿಗೆಯ ಬೇರು, ನಮ್ಮ ಮರದ ತಲೆ.

"ನೀರು ತಪ್ಪಿಸ್ಬ್ಯಾಡಿ ಸ್ವಾಮಿ. ದೀಪಾವಳಿ ಗಂಟ ಕಟ್ಟು ಮಾತ್ರ ಮುಟ್ಬ್ಯಾಡಿ" ಎಂದು ಹೇಳಿ ಕೆಂಪಯ್ಯ ಹೋದ. ಮುಟ್ಟಬೇಡಿ ಎಂದು ಯಾರಿಗೆ ಹೇಳಿದ ನೋಡಿ! ಬೆಕ್ಕಿಗೆ ಹಾಲು ಕಾಯಲು ಹೇಳಿದಂತಾಯಿತು.

ಅಪ್ಪ ಕೋಠಿಯಿಂದ ಬಂದವರು ಚಪ್ಪಲಿಯನ್ನೂ ಬಿಡದೆ ನೇರ ಅಟ್ಟಣೆಯ ಕೆಳಗೆ ಹೋಗುತ್ತಿದ್ದರು. ಕೂಡಿಕೊಂಡಿದೆಯೋ ಇಲ್ಲವೋ? ಕೂಡಿಕೊಳ್ಳದಿದ್ದರೆ? ಕಾರ್ತೀಕ ಬಂದುಬಿಟ್ಟರೆ? ಊಟಕ್ಕೆ ಕೂತಾಗ ಕೈಯಲ್ಲಿ ಮುದ್ದೆ ಹಿಡಿದುಕೊಂಡೇ ಕಿಟಕಿಯತ್ತ ನೋಡುವರು. ಶ್ರಾವಣದ ಒಂದು ಸಂಜೆ ತಡೆಯಲಾರದೆ ಒಂದು ಕಟ್ಟಿನ ಮಣ್ಣು ಕೆರೆದು, ನಾರು ಸಡಿಲಿಸಿ ಇಣುಕಿ ನೋಡಿದರು. ಆಗತಾನೇ ಅಂಟಿಕೊಳ್ಳುತ್ತಿದ್ದದ್ದು ಬಿಟ್ಟುಕೊಂಡಿತು. ತಿರುಗಿ ಕಟ್ಟಿದರು. ಕಟ್ಟಿದರೇನು ಬಂತು, ಗಾಳಿ ಸೋಕಿದ ಗಾಯ ಕರ್ರಗಾಗಿ ಒಣಗಿತು.

"ಬಸುರಿ ಹೊಟ್ಟೆ ಕುಯ್ದು ಕೂಸು ನೋಡ್ತಾರೇನ್ರೀ?" ಎಂದು ಅಮ್ಮ ಕೇಳಿದಳು.

"ಇನ್ನು ಮುಟ್ಟಲ್ಲ, ನಿನ್ನಾಣೆ" ಎಂದರು ಅಪ್ಪ.

ಗೌರಿಹಬ್ಬದ ಹೊತ್ತಿಗೆ ಎರಡನೆಯದೂ ಹೋಯಿತು. ಕೇಳಿದರೆ, "ಇರುವೆ ನುಗ್ಗಿತ್ತು ಕಣೇ, ಓಡಿಸೋಣ ಅಂತ ಬಿಚ್ಚಿದೆ" ಎಂದರು. ಇರುವೆಯಂತೆ! ನಾನು ಎಷ್ಟು ಹುಡುಕಿದರೂ ಒಂದೇ ಒಂದು ಇರುವೆ ಸಿಗಲಿಲ್ಲ. ಅಪ್ಪ ಸುಳ್ಳು ಹೇಳುತ್ತಾರೆ ಎಂದು ನನಗೆ ಮೊದಲು ಗೊತ್ತಾದದ್ದು ಅವತ್ತೇ. ಸಿಟ್ಟಿನ ಜೊತೆಗೆ ಅಳುವೂ ಬಂತು. ರಾತ್ರಿ ಊಟಕ್ಕೆ ಕರೆದಾಗ ಅಪ್ಪ ಹಸಿವಿಲ್ಲ ಎಂದು ಗೋಡೆಗೆ ತಿರುಗಿ ಮಲಗಿದರು.

ದಸರೆ ಬಂತು. ಜಂಬೂಸವಾರಿಯ ದಿನ ಊರಿಗೆ ಊರೇ ಬೀದಿಯಲ್ಲಿತ್ತು. ಹೆಗಲ ಮೇಲೆ ಕೂರಿಸಿಕೊಳ್ಳುವ ವಯಸ್ಸು ನನ್ನದಲ್ಲದಿದ್ದರೂ ಅಪ್ಪ ಬರುತ್ತಾರೆ ಎಂದುಕೊಂಡಿದ್ದೆ. "ನೀವು ಹೋಗಿ ಬನ್ನಿ, ಮನೆ ಕಾಯೋರು ಬೇಡವಾ?" ಎಂದು ಉಳಿದುಕೊಂಡರು. ಅಮ್ಮ ಮೆರವಣಿಗೆ ನೋಡಿದ್ದಕ್ಕಿಂತ ಮನೆಯ ದಿಕ್ಕಿಗೆ ನೋಡಿದ್ದೇ ಹೆಚ್ಚು. ಆನೆ ಇನ್ನೂ ನಮ್ಮ ಮುಂದೆ ಬಂದಿರಲಿಲ್ಲ, "ನಡಿಯೇ ಪ್ರೇಮಾ, ಯಾಕೋ ಜೀವ ಡವಡವ ಅಂತೈತೆ" ಎಂದು ನನ್ನನ್ನು ಎಳೆದುಕೊಂಡು ಹೊರಟಳು. ಅಯ್ಯೋ, ಅಂಬಾರಿ ನೋಡದೆ ಹೋದ ದಸರೆ ಅದೊಂದೇ. ಮನೆಗೆ ಬಂದರೆ ಅಪ್ಪ ಅಟ್ಟಣೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೈತುಂಬ ಮಣ್ಣು. ಮೂರನೆಯ ಕಟ್ಟು ಬಿಚ್ಚಿತ್ತು.

"ಕೂಡಿಕೊಳ್ತಿತ್ತು ಕಣೇ, ನೋಡು, ಇಲ್ಲಿ ಹಸಿರಾಗಿದೆ, ನಾನು ಬರೀ..." ಎಂದು ಅಪ್ಪ ತೊದಲಿದರು.

ಅಮ್ಮ ಕೂಗಿದಳು. ಅವಳು ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಕೈ ಬುಡೋದು ಯಾವಾಗ್ರೀ ನೀವು? ಯಾವಾಗ ಬುಡ್ತೀರಿ? ಹಿಡಕೊಂಡು ಹಿಡಕೊಂಡೇ ಎಲ್ಲಾನೂ ಸಾಯಿಸ್ಬುಟ್ರಲ್ಲ!"

ಅಮ್ಮ ಸರಸರನೆ ಒಳಗೆ ಹೋಗಿ, ಹಳೆಯ ಸೀರೆಯಿಂದ ಒಂದು ಪಟ್ಟಿ ಹರಿದು, ಅರಿಸಿನದ ನೀರಿನಲ್ಲಿ ಅದ್ದಿ ತಂದಳು. ಅದರ ತುದಿಯಲ್ಲಿ ಒಂದು ನಾಣ್ಯ ಇಟ್ಟು, ಉಳಿದಿದ್ದ ಒಂದೇ ಒಂದು ಕಸಿಯ ಮೇಲೆ ಸುತ್ತಿ ಗಂಟು ಹಾಕಿದಳು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡಳು.

"ನಂಜುಂಡೇಶ್ವರನಿಗೆ ಮುಡಿಪು ಕಟ್ಟಿದೀನಿ. ಹರಕೆ ತೀರೋವರ್ಗೂ ಬಿಚ್ಚಂಗಿಲ್ಲ. ಈಗ ಮುಟ್ಟಿ, ನೋಡ್ತೀನಿ" ಎಂದಳು.

ಹರಕೆ ತೀರುವ ಮೊದಲು ಗಂಟನ್ನು ಬಿಚ್ಚಿದರೆ ಎಂಥ ಕೇಡಾಗುತ್ತದೆ ಎಂದು ಮೈಸೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ದಿನಾ ಬಂದು ಗಂಟನ್ನು ದೂರದಿಂದ ನೋಡುವರು. ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು ನಿಲ್ಲುವರು. ಒಳಗೆ ಏನಾಗುತ್ತಿದೆಯೋ ಎಂದು ಬೆವರುವರು. ಸಂಕಟ ಪಟ್ಟರು, ಮುಟ್ಟಲಿಲ್ಲ.

ಕಾರ್ತೀಕದ ಕೊನೆಯಲ್ಲಿ ಕೆಂಪಯ್ಯ ಬಂದ. ಸಂಪಿಗೆಯ ತಲೆಯನ್ನು ಗಂಟಿನ ಮೇಲೆ ಕತ್ತರಿಸಿದ, ರೆಂಬೆಯನ್ನು ಗಂಟಿನ ಕೆಳಗೆ. ಅಪ್ಪ ನೋಡಲಾರದೆ ಬಚ್ಚಲಮನೆಗೆ ಹೋಗಿ ನಿಂತಿದ್ದರು. ಮರುದಿನ ಎತ್ತಿನಗಾಡಿಯಲ್ಲಿ ಸಾಮಾನು ಹೇರಿ ಹೊರಟೆವು. ಬನ್ನಿಮಂಟಪದ ಆಚೆ, ಹೊಸದಾಗಿ ಎದ್ದ ಮನೆಗಳ ಸಾಲಿನಲ್ಲಿ, ನಮ್ಮದೇ ಎನ್ನುವ ಎರಡು ಕೋಣೆ. ಕುಂಡ ದಾರಿಯುದ್ದಕ್ಕೂ ಅಪ್ಪನ ತೊಡೆಯ ಮೇಲಿತ್ತು. ಗಾಡಿ ಕುಲುಕಿದಾಗಲೆಲ್ಲ "ಮೆಲ್ಲಗಪ್ಪಾ, ಮೆಲ್ಲಗೆ" ಎಂದು ಗಾಡಿಯವನ ಪ್ರಾಣ ತಿಂದರು.

ನೆಟ್ಟ ಮೇಲೆ ಎಲೆಗಳು ಒಂದೊಂದಾಗಿ ಉದುರಿದವು. ಬಯಲಿನ ಗಾಳಿಗೆ ಅಪ್ಪ ಬಿದಿರಿನ ತಟ್ಟಿ ಕಟ್ಟಿದರು, ದನ ಬರುತ್ತವೆಂದು ಮುಳ್ಳು ಹಾಕಿದರು, ಬಿಸಿಲಿಗೆ ನನ್ನ ಕೊಡೆ ತಂದು ಹಿಡಿಸಿದರು. ನಾನು ಬಿಸಿಲಲ್ಲಿ ನಡೆದು ಇಸ್ಕೂಲಿಗೆ ಹೋದೆ. ಉಳಿಯುವುದಿಲ್ಲ ಎಂದು ನಾನೂ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ಮಾಘ ಮಾಸದ ಒಂದು ಬೆಳಗ್ಗೆ ತುದಿಯಲ್ಲಿ ಒಂದು ಮೊಗ್ಗೆ ಒಡೆದು ಎಲೆ ಬಿಚ್ಚಿತು. ಕೆಳಗೆ ಕಂದು, ಮೇಲೆ ಹೊಳಪು. ತಾತನ ಮರದ್ದೇ ಎಲೆ. ಅಪ್ಪ ನನ್ನನ್ನು ಎಬ್ಬಿಸಿಕೊಂಡು ಹೋಗಿ ತೋರಿಸಿ, ಹಲ್ಲುಜ್ಜುವ ಮೊದಲೇ ಬಾಯಿಗೆ ಬೆಲ್ಲ ಹಾಕಿದರು.

"ಇನ್ನೇನು, ಹರಕೆ ತೀರಿತಲ್ಲ, ನಂಜನಗೂಡಿಗೆ ಹೋಗಿಬರೋಣ. ಗಂಟು ಬಿಚ್ಚು" ಎಂದರು ಅಮ್ಮನಿಗೆ.

"ತೀರಿಲ್ಲ" ಎಂದಳು ಅಮ್ಮ.

"ಮರ ಉಳೀತಲ್ಲೇ?"

"ಉಳೀತು. ನನ್ನ ಹರಕೆ ತೀರಿಲ್ಲ. ಬುಡದಲ್ಲಿ ಸಂಪಿಗೆ ಚಿಗುರು ಬಂದ್ರೆ ಚಿವುಟಿ ಹಾಕಿ, ಇಲ್ದಿದ್ರೆ ತಲೆಗೆ ಹೋಗೋ ಸಾರ ಎಲ್ಲಾ ಅದೇ ತಿಂದ್ಬುಡುತ್ತೆ. ಅದೊಂದು ನಿಮ್ಮ ಕೆಲಸ. ಗಂಟಿನ ತಂಟೆಗೆ ಬರಬೇಡಿ."

ಹರಕೆ ಏನೆಂದು ಹೇಳಬಾರದಲ್ಲ, ಅಪ್ಪ ಕೇಳಲಿಲ್ಲ. ಎರಡು ವರ್ಷ ಕೆಳಗಿನ ಚಿಗುರು ಚಿವುಟಿದರು. ಗಿಡ ನನ್ನೆತ್ತರ ಬಂತು, ನನ್ನನ್ನು ಮೀರಿತು. ಆಗ ಹೊಸ ಭಯ ಶುರುವಾಯಿತು. ಕಾಂಡ ದಪ್ಪಗಾಗುತ್ತಿತ್ತು, ಬಟ್ಟೆ ದೊಡ್ಡದಾಗುತ್ತಿರಲಿಲ್ಲ. ಗಂಟಿನ ಮೇಲೂ ಕೆಳಗೂ ತೊಗಟೆ ಉಬ್ಬಿ, ನಡುವೆ ಕೊರಳು ಬಿಗಿದಂತಾಯಿತು. ಮೇಲಿನ ಎಲೆ ಹಳದಿಯಾಗತೊಡಗಿತು.

"ಉಸಿರು ಕಟ್ತಾ ಇದೆ ಕಣೇ ಅದಕ್ಕೆ" ಎಂದು ಅಪ್ಪ ಅಂಗಲಾಚಿದರು. ಜನ್ಮದಲ್ಲಿ ಮೊದಲ ಬಾರಿಗೆ ಅವರ ಹೆದರಿಕೆ ಸರಿಯಾದದ್ದಾಗಿತ್ತು, ಆಗಲೇ ಅವರ ಮಾತು ಕೇಳುವವರಿಲ್ಲ! ಅಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಬೆಳಗ್ಗೆ ಅಪ್ಪ ಕೋಠಿಗೆ ಹೋದ ಮೇಲೆ ಅವಳು ಗಿಡದ ಹತ್ತಿರ ಹೋಗಿ, ಬಟ್ಟೆಯ ಒಳಗೆ ಕಿರುಬೆರಳು ತೂರಿಸಲು ನೋಡುತ್ತಿದ್ದಳು. ಬೆರಳು ಹೋಗುತ್ತಿರಲಿಲ್ಲ. ಅವಳ ಕಣ್ಣಲ್ಲಿ ನೀರಿರುತ್ತಿತ್ತು.

"ಅಮ್ಮಾ, ನಿನ್ನ ಹಟ ದೊಡ್ಡದೋ, ತಾತನ ಮರ ದೊಡ್ಡದೋ? ಸಾಯಿಸ್ತೀಯಾ ಅದನ್ನ?" ಎಂದು ನಾನು ಕೇಳಿಯೇಬಿಟ್ಟೆ.

"ಹಟ ಅಲ್ಲ ಕಣೇ. ದೇವರ ಹತ್ರ ಮಾತು ಆಡ್ಬುಟ್ಟಿದೀನಿ. ತೀರದೆ ಎಂಗೆ ಬಿಚ್ಚಲಿ?" ಎಂದಳು. ಅವಳಿಗೂ ಹೆದರಿಕೆಯಾಗಿತ್ತು.

ಆ ಆಷಾಢದಲ್ಲಿ ಅಮ್ಮನ ತವರಿನಿಂದ ನಿಂಗಯ್ಯ ಬಂದ, ತಾತನ ಹೊಲ ನೋಡಿಕೊಳ್ಳುತ್ತಿದ್ದ ಆಳು. ಬೆಳಗಿನ ಮಳೆಯಲ್ಲಿ ನೆನೆದು ಬಾಗಿಲಲ್ಲಿ ನಿಂತು, ಅಜ್ಜಿಗೆ, ಅಂದರೆ ಅಮ್ಮನ ತಾಯಿಗೆ, ಕಾಯಿಲೆ ತುಂಬಾ ಜೋರಾಗಿದೆ, ಮಗಳ ಹೆಸರನ್ನೇ ಹೇಳುತ್ತಿದ್ದಾರೆ ಎಂದ. ಅಮ್ಮ ಒಳಗೆ ಹೋಗಿ ಸೀರೆಯ ಗಂಟು ಕಟ್ಟಿಕೊಂಡು ಬಂದಳು. ಬಾಗಿಲ ಹತ್ತಿರ ನಿಂತಳು. ಏನೂ ಕೇಳಲಿಲ್ಲ. ಅಪ್ಪನ ಮುಖ ನೋಡಿದಳು, ಅಷ್ಟೇ.

"ಹೊಳೆ..." ಎಂದು ಅಪ್ಪ ಶುರು ಮಾಡಿದರು. "ಕಪಿಲೆ ತುಂಬಿ ಹರೀತಾ ಇದೆಯಂತೆ, ಸೇತುವೆ ಹತ್ರ ಬಸ್ಸು..." ನನಗೆ ರಕ್ತ ಕುದಿಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ತಾವೇ ನಿಲ್ಲಿಸಿದರು. ಮೊಳೆಯ ಮೇಲಿದ್ದ ತಮ್ಮ ಕೊಡೆ ತೆಗೆದು ಅಮ್ಮನ ಕೈಗೆ ಕೊಟ್ಟರು.

"ಹೋಗಿ ಬಾ, ನೀಲಾ" ಎಂದರು. "ನಾವು ನೋಡ್ಕೋತೀವಿ. ಹೊರಡು, ಬಸ್ಸು ತಪ್ಪುತ್ತೆ."

ಅಮ್ಮ ಮಳೆಯಲ್ಲಿ ನಿಂಗಯ್ಯನ ಹಿಂದೆ ಹೋದಳು. ಆಮೇಲಿನ ದಿನಗಳು ನನಗೇ ಬೇಡ. ಅಪ್ಪ ಕೋಠಿಯಿಂದ ಬಸ್‌ಸ್ಟ್ಯಾಂಡಿಗೆ, ಬಸ್‌ಸ್ಟ್ಯಾಂಡಿನಿಂದ ಮನೆಗೆ. ನಂಜನಗೂಡಿನ ಕಡೆಯಿಂದ ಬಂದ ಡ್ರೈವರುಗಳನ್ನೆಲ್ಲ ಹೊಳೆ ಎಷ್ಟಿದೆ, ಸೇತುವೆ ಹೇಗಿದೆ ಎಂದು ಕೇಳಿ ಕೇಳಿ, ಕೊನೆಗೆ ಒಬ್ಬ, "ಯಾಕ್ ಯಜಮಾನ್ರೇ, ಹೊಳೆ ಕೊಂಡ್ಕೋತೀರಾ?" ಎಂದು ಗದರಿದನಂತೆ. ನಾನು ಮಾಡಿದ ಸಾರು ಉಪ್ಪಾಗಿದ್ದರೂ ಅವರಿಗೆ ತಿಳಿಯಲಿಲ್ಲ. ಅತ್ತ ಗಿಡದ ಇನ್ನೊಂದು ರೆಂಬೆ ಹಳದಿಯಾಯಿತು.

"ಅಪ್ಪಾ, ಅಮ್ಮ ಇಲ್ಲ. ಈಗಲೇ ಬಿಚ್ಚಿಬಿಡು. ನಾನು ಹೇಳಲ್ಲ" ಎಂದೆ.

ಅಪ್ಪ ಗಿಡದ ಮುಂದೆ ಹೋಗಿ ನಿಂತರು. ಕೈ ಮುಂದೆ ಬಂತು. ಬಟ್ಟೆ ತೊಗಟೆಯೊಳಗೆ ಕಚ್ಚಿಕೊಂಡಿತ್ತು. ಆಮೇಲೆ ತಮ್ಮ ಬಲಗೈಯನ್ನು ತಾವೇ ಎಡಗೈಯಲ್ಲಿ ಹಿಡಿದು ಹಿಂದಕ್ಕೆ ತೆಗೆದುಕೊಂಡರು. "ಬೇಡ ಕಣಮ್ಮ. ಅವಳು ಬರಲಿ" ಎಂದರು.

ಅಮ್ಮ ಬಂದಳು. ಮಧ್ಯಾಹ್ನದ ಬಸ್ಸಿನಲ್ಲಿ, ಹಣೆಯ ಮೇಲೆ ವಿಭೂತಿ, ಕಣ್ಣು ಊದಿಕೊಂಡು. ಅಜ್ಜಿ ಲಿಂಗೈಕ್ಯರಾಗಿದ್ದರು. "ಬಾಯಿಗೆ ನೀರು ಬುಟ್ಟೆ. ತೊಡೆ ಮೇಲೇ ಹೋದಳು. ನನ್ನ ಗುರುತು ಹಿಡಿದಳು" ಎಂದಳು. ಒಳಗೆ ಕಾಲಿಡದೆ, ಸೀರೆಯ ಗಂಟನ್ನು ಜಗಲಿಯ ಮೇಲಿಟ್ಟು, ನೇರ ಗಿಡದ ಹತ್ತಿರ ಹೋಗಿ ಮುಡಿಪು ಬಿಚ್ಚಲು ಕೂತಳು. ಗಂಟು ಕಲ್ಲಾಗಿತ್ತು, ಹಲ್ಲು ಹಾಕಿ ಸಡಿಲಿಸಿದಳು. ಬಟ್ಟೆಯನ್ನು ತೊಗಟೆಯಿಂದ ಎಳೆಎಳೆಯಾಗಿ ಬಿಡಿಸಿದಳು. ಒಳಗಿನ ಬಾಳೆನಾರು ಯಾವಾಗಲೋ ಕೊಳೆತುಹೋಗಿತ್ತು. ಕಾಂಡದ ಸುತ್ತ ಬೆರಳು ಹಿಡಿಸುವಷ್ಟು ಆಳದ ತಗ್ಗು. ಆದರೆ ಎಲ್ಲಿ ಸಂಪಿಗೆ ಮುಗಿದು ಎಲ್ಲಿ ತಾತನ ಮರ ಶುರುವಾಗುತ್ತದೆಂದು ಹೇಳಲು ಬರುವಂತಿರಲಿಲ್ಲ. ಎರಡೂ ಒಂದೇ ಆಗಿದ್ದವು. ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಅಮ್ಮ ಸೆರಗಿಗೆ ಕಟ್ಟಿಕೊಂಡಳು.

"ಹರಕೆ ತೀರಿತಾ?" ಎಂದು ಕೇಳಿದೆ ನಾನು.

"ತೀರಿತು ಕಣೇ. ಮರಕ್ಕೆ ಅಂತ ಹೊತ್ತಿರಲಿಲ್ಲ ನಾನು. ನಿಮ್ಮಪ್ಪ ಒಂದು ಸಲ, ಹೆದರಿಕೊಂಡೇ ಆಗಲಿ, ‘ಹೋಗಿ ಬಾ’ ಅಂತ ತಾವಾಗೇ ಹೇಳ್ಲಿ ಅಂತ ಹೊತ್ತಿದ್ದೆ."

ಅಪ್ಪ ಬಿದಿರಿನ ತಟ್ಟಿ ಹಿಡಿದುಕೊಂಡು ನಿಂತಿದ್ದರು. ಮೆಲ್ಲಗೆ ಕೇಳಿದರು: "ಅದಕ್ಕೆ ದೇವರನ್ನ ಯಾಕೆ ಕೇಳಿದೆ ನೀಲಾ? ನನ್ನನ್ನೇ ಕೇಳಬಾರದಿತ್ತಾ?"

"ಕೇಳಿದ್ದೆ ಕಣ್ರೀ" ಎಂದಳು ಅಮ್ಮ, ಕಾಂಡದ ತಗ್ಗಿಗೆ ಮಣ್ಣು ಸವರುತ್ತಾ. "ಸ್ವಾತಂತ್ರ್ಯ ಬಂದ ವರ್ಷ, ಆ ಮನೆ ಬಾಗಿಲಲ್ಲಿ ನಿಂತ್ಕೊಂಡು, ನಿಮ್ಮನ್ನೇ ಕೇಳಿದ್ದೆ."

ಅಪ್ಪ ಅಲ್ಲೇ ಒದ್ದೆ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತರು. ಅಮ್ಮ ತಡೆಯಲಿಲ್ಲ. ನಾನು ಒಳಗೆ ಹೋಗಿ ಒಲೆ ಹೊತ್ತಿಸಿ ಕಾಫಿಗೆ ನೀರಿಟ್ಟೆ.